ರಾನ್ಸಮ್‌ವೇರ್ ಹೊಡೆದ ಮೇಲೆ ಒಂದು ಫೌಂಡ್ರಿ ಮತ್ತೆ ಚಾಲೂ ಆದದ್ದು

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಫೌಂಡ್ರಿಯ (ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆಯ) ಕಂಪ್ಯೂಟರುಗಳಿಗೆ 2025ರ ಜನವರಿಯಲ್ಲಿ ರಾನ್ಸಮ್‌ವೇರ್, ಅಂದರೆ ಫೈಲುಗಳನ್ನು ಲಾಕ್ ಮಾಡಿ ಬಿಡಿಸಲು ಹಣ ಕೇಳುವ ಸಾಫ್ಟ್‌ವೇರ್, ಹೊಕ್ಕಿತು. ಕಳೆದುಕೊಂಡಿದ್ದ ಫೈಲುಗಳಲ್ಲಿ ಬಹುಪಾಲು ಕೈಗೆ ಬಂದದ್ದು ಅದೇ ವರ್ಷದ ಮಳೆಗಾಲದಲ್ಲಿ, ಅದೂ ಒಂದು ರೂಪಾಯಿ ಒತ್ತೆಹಣ ಕೊಡದೆ. ಈಗ ಲೆಕ್ಕಪತ್ರದ ಆಡಿಟ್ ಕೂಡ ಮುಗಿದಿದೆ. ಸಿಸ್ಟಮ್ ನೋಡುವವರು, ಅಕೌಂಟೆಂಟು, ಡಿಸ್ಪ್ಯಾಚ್‌ನವರು ಇಷ್ಟೇ ಜನ ಇರುವ ಸಣ್ಣ ಕಾರ್ಖಾನೆಗೆ ಇಂಥದ್ದು ಬಂದರೆ ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ದುಡ್ಡು ಹೋಗುತ್ತದೆ ಎಂಬುದು ಆಗ ನಮಗೆ ಎಲ್ಲಿಯೂ ಒಟ್ಟಾಗಿ ಸಿಗಲಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇವೆ.

ವಾರದ ರಜೆ ಮುಗಿದ ಬೆಳಿಗ್ಗೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ತೆರೆದರೆ ಕಂಪನಿಗಳ ಪಟ್ಟಿಯೇ ಖಾಲಿ. ಕಂಪ್ಯೂಟರ್ ಎಂದಿನಂತೆ ಚಾಲೂ ಆಗಿತ್ತು, ಇಂಟರ್‌ನೆಟ್ಟೂ ಇತ್ತು. ಹಾಗಾಗಿ ಮೊದಲಿಗೆ ಎಲ್ಲರೂ ಟ್ಯಾಲಿಯ ಲೈಸೆನ್ಸ್ ತೊಂದರೆ ಎಂದುಕೊಂಡರು. ಡೇಟಾ ಫೋಲ್ಡರ್ ತೆರೆದಾಗ ನಿಜ ಗೊತ್ತಾಯಿತು. ಪ್ರತಿ ಫೈಲಿನ ಹೆಸರಿಗೂ ಒಂದು ಉದ್ದನೆಯ ಬಾಲ: ಚೌಕ ಆವರಣದೊಳಗೆ ಎಂಟು ಅಕ್ಷರಗಳ ಗುರುತು, ಹೈಫನ್, ನಾಲ್ಕಂಕಿ, ಆಮೇಲೆ ಇನ್ನೊಂದು ಆವರಣದಲ್ಲಿ ಇಮೇಲ್ ವಿಳಾಸ, ಕೊನೆಗೆ ‘8ಬೇಸ್’. ಡೆಸ್ಕ್‌ಟಾಪಿನ ಮೇಲೆ ‘ಇನ್ಫೋ’ ಎಂಬ ಹೆಸರಿನ ಎರಡು ಫೈಲು, ಒಂದು ಸಾದಾ ಟೆಕ್ಸ್ಟ್, ಇನ್ನೊಂದು ವಿಂಡೋ ತೆರೆದು ಬೆದರಿಕೆ ತೋರಿಸುವಂಥದ್ದು. ಈ ಗುರುತುಗಳಷ್ಟೇ ಸಾಕು, ಇದು ಫೋಬೋಸ್ ಎಂಬ ರಾನ್ಸಮ್‌ವೇರ್ ಕುಟುಂಬದ್ದು ಎಂದು ಹೇಳಲು. ‘8ಬೇಸ್’ ಅದನ್ನು ಬಳಸುತ್ತಿದ್ದ ಒಂದು ಗುಂಪಿನ ಹೆಸರು. ಫೋಬೋಸ್ ವಿಂಡೋಸ್‌ನ ಸ್ವಂತ ಫೋಲ್ಡರನ್ನು ಮುಟ್ಟುವುದಿಲ್ಲ. ಕಂಪ್ಯೂಟರ್ ಆನ್ ಆಗಬೇಕು, ನೀವು ಬೆದರಿಕೆ ಪತ್ರ ಓದಬೇಕು ಎಂಬುದೇ ಅದರ ಉದ್ದೇಶ.

ಕಂಡ ಕೂಡಲೇ ಮಾಡಬೇಕಾದದ್ದು ಸ್ವಿಚ್‌ನಿಂದ ಎಲ್ಲ ನೆಟ್‌ವರ್ಕ್ ಕೇಬಲ್ ಕೀಳುವುದು, ವೈಫೈ ಆರಿಸುವುದು. ಫೈಲುಗಳು ಕಣ್ಣೆದುರೇ ಲಾಕ್ ಆಗುತ್ತಿದ್ದರೆ ಪವರ್ ತೆಗೆಯಿರಿ. ಎಲ್ಲ ಮುಗಿದುಹೋಗಿದ್ದರೆ ಆನ್ ಇದ್ದಂತೆಯೇ ಬಿಡಿ, ಮೆಮೊರಿಯಲ್ಲಿ ತನಿಖೆಗೆ ಬೇಕಾದದ್ದು ಉಳಿದಿರಬಹುದು. ಪರದೆಯ ಫೋಟೊ ತೆಗೆಯಿರಿ. ಫೈಲಿನ ಹೆಸರು ಬದಲಿಸಬೇಡಿ, ಬೆದರಿಕೆ ಪತ್ರ ಅಳಿಸಬೇಡಿ, ಆಂಟಿವೈರಸ್ ಹಾಕಿ ‘ಕ್ಲೀನ್’ ಮಾಡಲು ಹೋಗಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಬ್ಯಾಕಪ್ ಪರೀಕ್ಷಿಸುವ ಆತುರದಲ್ಲಿ ಪೆನ್‌ಡ್ರೈವನ್ನಾಗಲಿ, ಹೊರಗಿನ ಹಾರ್ಡ್‌ಡಿಸ್ಕನ್ನಾಗಲಿ ಆ ಕಂಪ್ಯೂಟರಿಗೆ ಚುಚ್ಚಬೇಡಿ. ಫೋಬೋಸ್ ಒಮ್ಮೆ ಕೆಲಸ ಮುಗಿಸಿ ಸುಮ್ಮನಾಗುವುದಿಲ್ಲ. ಸ್ಟಾರ್ಟಪ್ ಫೋಲ್ಡರಿನಲ್ಲೂ ರಿಜಿಸ್ಟ್ರಿಯಲ್ಲೂ ತನ್ನ ಪ್ರತಿ ಇಟ್ಟು, ಹೊಸದಾಗಿ ಬಂದ ಡ್ರೈವನ್ನೂ ಹುಡುಕಿ ಲಾಕ್ ಮಾಡುತ್ತದೆ. ನಮ್ಮ ಬೀರುವಿನಲ್ಲಿದ್ದ ಯುಎಸ್‌ಬಿ ಡಿಸ್ಕ್ ಉಳಿದದ್ದು ಅದನ್ನು ಅಂದು ಯಾರೂ ಹೊರಗೆ ತೆಗೆಯದ್ದರಿಂದ.

ದಿನವೂ ಬ್ಯಾಕಪ್ ಹೋಗುತ್ತಿದ್ದ ನೆಟ್‌ವರ್ಕ್ ಸ್ಟೋರೇಜ್ ಉಳಿಯಲಿಲ್ಲ. ಅದು ಸರ್ವರಿನಲ್ಲಿ ಸದಾ ‘ಝಡ್’ ಡ್ರೈವ್ ಆಗಿ ತೆರೆದೇ ಇರುತ್ತಿತ್ತು; ಸರ್ವರಿಗೆ ಕಂಡದ್ದೆಲ್ಲ ರಾನ್ಸಮ್‌ವೇರ್‌ಗೂ ಕಂಡಿತು. ವಿಂಡೋಸ್ ತಾನೇ ಇಟ್ಟುಕೊಳ್ಳುವ ಫೈಲುಗಳ ಹಿಂದಿನ ಪ್ರತಿಗಳನ್ನು (ಶ್ಯಾಡೋ ಕಾಪಿ) ಅದು ಮೊದಲೇ ಅಳಿಸಿತ್ತು, ರಿಕವರಿ ಮೋಡನ್ನು ಬಂದ್ ಮಾಡಿತ್ತು, ಫೈರ್‌ವಾಲ್ ಆರಿಸಿತ್ತು. ಡೇಟಾಬೇಸ್ ಫೈಲು ತೆರೆದಿದ್ದರೆ ಲಾಕ್ ಮಾಡಲಾಗದು ಎಂದು ಎಸ್‌ಕ್ಯೂಎಲ್ ಸರ್ವರನ್ನೂ ನಿಲ್ಲಿಸಿತ್ತು.

ಒಳಗೆ ಬಂದ ದಾರಿ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದ ಕಂಪ್ಯೂಟರ್ ಬಳಸುವ ವಿಂಡೋಸ್ ಸೌಲಭ್ಯ. ಅಕೌಂಟ್ಸ್ ಕೆಲಸ ಮನೆಯಿಂದಲೂ ಆಗಲಿ ಎಂದು ರೂಟರಿನಲ್ಲಿ ಅದರ 3389 ಪೋರ್ಟ್ (ಸಂಪರ್ಕದ ಬಾಗಿಲು) ನೇರವಾಗಿ ಸರ್ವರಿಗೆ ತೆರೆದಿತ್ತು. ಇಂಟರ್‌ನೆಟ್ಟಿಗೆ ತೆರೆದ ಆ ಪೋರ್ಟನ್ನು ಯಂತ್ರಗಳು ಹಗಲೂ ರಾತ್ರಿ ತಡಕುತ್ತಿರುತ್ತವೆ. ಲಾಗ್ (ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ) ನೋಡಬೇಕಾದವರಿಗೆ ಹೇಳುವುದಾದರೆ, ವಿಂಡೋಸ್ ಸೆಕ್ಯುರಿಟಿ ಲಾಗಿನಲ್ಲಿ 4625 ಎಂದರೆ ವಿಫಲ ಲಾಗಿನ್, 4624ರಲ್ಲಿ ಟೈಪ್ 10 ಎಂದರೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಬಂದದ್ದು, 1102 ಎಂದರೆ ಯಾರೋ ಲಾಗನ್ನೇ ಅಳಿಸಿದ್ದು. ನಮ್ಮಲ್ಲಿ ಸೆಕ್ಯುರಿಟಿ ಲಾಗ್ ಅಳಿಸಿಹೋಗಿತ್ತು. ಆದರೆ ಟರ್ಮಿನಲ್ ಸರ್ವಿಸಸ್ ಎಂಬ ಬೇರೆಯೇ ಲಾಗ್ ಇದೆ, ಅದನ್ನು ದಾಳಿಕೋರರು ಮುಟ್ಟಿರಲಿಲ್ಲ. ಅದರಲ್ಲಿ 1149ರ ಸಾಲಿನಲ್ಲಿ ಹೊರಗಿನ ಐಪಿ ವಿಳಾಸ, ವೇಳೆ, ಬಳಸಿದ ಯೂಸರ್ ಹೆಸರು ಮೂರೂ ಸಿಕ್ಕವು. ಪೊಲೀಸ್ ದೂರಿಗೆ ಆಧಾರವಾದದ್ದು ಆ ಸಾಲೇ.

ದೂರಿನ ವಿಷಯ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಸಣ್ಣ ಉದ್ಯಮಗಳಿಗೆ ಸ್ವಲ್ಪ ಹೆಚ್ಚು ಕಾಲಾವಕಾಶ ಕೊಟ್ಟಿದ್ದರು, ಅದೂ ಅದೇ ವರ್ಷ ಸೆಪ್ಟೆಂಬರಿಗೆ ಮುಗಿಯಿತು. ಅವರ ವೆಬ್‌ಸೈಟಿನಲ್ಲಿ ಫಾರಂ ಇದೆ, ಟೋಲ್‌ಫ್ರೀ ಸಂಖ್ಯೆ 1800-11-4949. ಫಾರಂ ನೋಡಿದರೆ ಎದೆ ಒಡೆಯುತ್ತದೆ, ಅಷ್ಟು ಪ್ರಶ್ನೆಗಳಿವೆ. ಎಲ್ಲಕ್ಕೂ ಉತ್ತರ ಸಿಗುವವರೆಗೆ ಕಾಯಬೇಡಿ. ಆ ಹೊತ್ತಿಗೆ ಗೊತ್ತಿದ್ದಷ್ಟು ತುಂಬಿ ಕಳಿಸಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು. ಅದೇ ನಿರ್ದೇಶನದಲ್ಲಿ 180 ದಿನದ ಲಾಗ್ ಇಟ್ಟಿರಬೇಕು ಎಂಬ ನಿಯಮವೂ ಇದೆ, ರೂಟರಿನ ಲಾಗ್ ಬಗ್ಗೆ ನಮ್ಮನ್ನು ಮತ್ತೆ ಮತ್ತೆ ಕೇಳಲಾಯಿತು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ಕೇಳಿದ ಮೊದಲ ಪ್ರಶ್ನೆ ಎಷ್ಟು ಹಣ ಹೋಗಿದೆ, ಯಾವ ಖಾತೆಗೆ ಎಂಬುದು. ಆ ವ್ಯವಸ್ಥೆ ಇರುವುದೇ ವಂಚಕರ ಖಾತೆಗೆ ಹೋದ ಹಣವನ್ನು ತಡೆಹಿಡಿಯಲು. ಅದರಲ್ಲಿ ಅವರ ತಪ್ಪಿಲ್ಲ. ರಾನ್ಸಮ್‌ವೇರ್‌ಗೆ ಹೋಗಬೇಕಾದದ್ದು ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ. ಅಲ್ಲಿಯೂ ಮೇಜಿನ ಆಚೆಯಿಂದ, “ರೊಕ್ಕ ಹೋಗಿಲ್ಲಂದ್ರ ಲುಕ್ಸಾನ ಏನಂತ ಬರಿಯೂದ್ರಿ ಸರ?” ಎಂಬ ಪ್ರಶ್ನೆ ಬಂತು. ದೂರಿನಲ್ಲಿ ನಷ್ಟವನ್ನು ಮೊದಲೇ ಬಿಡಿಸಿ ಬರೆದುಕೊಂಡು ಹೋದರೆ ಈ ತೊಡಕು ಬಗೆಹರಿಯುತ್ತದೆ: ನಿಂತ ಡಿಸ್ಪ್ಯಾಚ್‌ನ ಮೌಲ್ಯ, ಲಾಕ್ ಆದ ಕಂಪ್ಯೂಟರುಗಳ ಸಂಖ್ಯೆ, ಹೊಸ ಡಿಸ್ಕಿನ ಖರ್ಚು, ಬೆದರಿಕೆ ಪತ್ರದ ಮುದ್ರಿತ ಪ್ರತಿ. ಅನ್ವಯಿಸುವ ಕಲಮುಗಳು ಐಟಿ ಕಾಯ್ದೆಯ 43 ಮತ್ತು 66, ಸುಲಿಗೆಗೆ ಭಾರತೀಯ ನ್ಯಾಯ ಸಂಹಿತೆಯ 308. ಐಟಿ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ಅಧಿಕಾರಿಯೇ ತನಿಖೆ ಮಾಡಬೇಕು, ಹಾಗಾಗಿ ಅವರು ಬಂದೋಬಸ್ತಿಗೆ ಹೋಗಿದ್ದರೆ ಕಾಯಬೇಕಾಗುತ್ತದೆ. ಊಟ ಮಾಡಿಯೇ ಹೋಗಿ.

ಠಾಣೆಯವರು ಡಿಸ್ಕ್ ಜಪ್ತಿ ಮಾಡುತ್ತೇವೆ ಎನ್ನಬಹುದು. ಮೂಲ ಡಿಸ್ಕ್ ಒಮ್ಮೆ ವಿಧಿವಿಜ್ಞಾನ ಪ್ರಯೋಗಾಲಯದ ಸಾಲಿಗೆ ಸೇರಿದರೆ ಬೇಗ ಬರುವುದಿಲ್ಲ. ಮೊದಲೇ ಅದರ ಪೂರ್ತಿ ಇಮೇಜ್ ಪ್ರತಿ (ಇಡೀ ಡಿಸ್ಕಿನ ಯಥಾವತ್ತು ನಕಲು) ಮಾಡಿಸಿ ಇಟ್ಟುಕೊಳ್ಳಿ. ಪೊಲೀಸರಿಗೆ ಪ್ರತಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ಅದರಲ್ಲಿ ‘ಎ’ ಭಾಗಕ್ಕೆ ಯಂತ್ರದ ಹೊಣೆ ಇರುವವರ ಸಹಿ, ‘ಬಿ’ ಭಾಗಕ್ಕೆ ತಜ್ಞರ ಸಹಿ, ಜೊತೆಗೆ ಶಾ-256 ಥರದ ಹ್ಯಾಶ್ ಮೌಲ್ಯ (ಪ್ರತಿ ಬದಲಾಗಿಲ್ಲ ಎಂದು ತೋರಿಸುವ ಗುರುತು). ಇದನ್ನು ಮೊದಲ ಸಲವೇ ಸರಿಯಾಗಿ ಮಾಡಿದರೆ ಒಂದು ಸುತ್ತು ಓಡಾಟ ಉಳಿಯುತ್ತದೆ.

ಇನ್ನು ಕಾರ್ಖಾನೆ. ಫರ್ನೇಸಿಗೆ ಕಂಪ್ಯೂಟರ್ ಬೇಕಿಲ್ಲ, ಮೌಲ್ಡಿಂಗಿಗೂ ಬೇಕಿಲ್ಲ. ಕಬ್ಬಿಣ ಕರಗುತ್ತಲೇ ಇತ್ತು. ಆದರೂ ಎರಡನೇ ದಿನಕ್ಕೆ ಫೆಟ್ಲಿಂಗ್ (ಉಜ್ಜಿ ಸ್ವಚ್ಛ ಮಾಡುವ ಕೆಲಸ) ಮುಗಿದ ಕಾಸ್ಟಿಂಗ್‌ಗಳು (ಎರಕದ ಭಾಗಗಳು) ಅಂಗಳದಲ್ಲಿ ರಾಶಿ ಬೀಳತೊಡಗಿದವು, ಏಕೆಂದರೆ ಟಿಸಿ (ಲೋಹದ ಪರೀಕ್ಷೆಯ ಪ್ರಮಾಣಪತ್ರ) ಇಲ್ಲದೆ ಗ್ರಾಹಕರು ಮಾಲು ಇಳಿಸಿಕೊಳ್ಳುವುದಿಲ್ಲ. ಟಿಸಿಗೆ ಸ್ಪೆಕ್ಟ್ರೋ, ಅಂದರೆ ಲೋಹದಲ್ಲಿ ಯಾವುದು ಎಷ್ಟಿದೆ ಎಂದು ಅಳೆಯುವ ಯಂತ್ರ, ಬೇಕು. ಸ್ಪೆಕ್ಟ್ರೋದ ಕಂಪ್ಯೂಟರ್ ವಿಂಡೋಸ್ 7ರದ್ದು. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅದರ ಅಪ್‌ಡೇಟ್ ನಿಲ್ಲಿಸಿದೆ, ಆದರೆ ಯಂತ್ರದ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಓಡದು. ವರದಿ ಪ್ರಿಂಟ್ ಮಾಡುವ ಅನುಕೂಲಕ್ಕೆಂದು ಅದು ನೆಟ್‌ವರ್ಕಿನಲ್ಲಿತ್ತು. ಕಾರ್ಬನ್, ಸಿಲಿಕಾನ್, ಮ್ಯಾಂಗನೀಸ್, ಗಂಧಕ, ರಂಜಕ ಅಳೆಯುವ ಕ್ಯಾಲಿಬ್ರೇಶನ್ (ಅಳತೆ ಹೊಂದಿಸಿಟ್ಟ) ಫೈಲುಗಳೆಲ್ಲ ಲಾಕ್.

ಇಲ್ಲಿ ಹೆಚ್ಚು ದಿನ ಹೋದವು. ಕ್ಯಾಲಿಬ್ರೇಶನ್ ಆಯಾ ಯಂತ್ರದ್ದೇ ಬೇರೆ, ಪಕ್ಕದ ಫೌಂಡ್ರಿಯಿಂದ ನಕಲು ತಂದರೆ ನಡೆಯದು. ಯಂತ್ರ ಕೂರಿಸಿದಾಗ ಕೊಟ್ಟ ಸಿಡಿ ಫೈಲ್ ಕ್ಯಾಬಿನೆಟ್ಟಿನ ತಳದಲ್ಲಿ ಸಿಕ್ಕಿತು, ಅದರಿಂದ ಮೂಲ ಕ್ಯಾಲಿಬ್ರೇಶನ್ ಹಾಕಿ, ಸರ್ವಿಸ್ ಇಂಜಿನಿಯರ್ ಬಂದು ಪ್ರಮಾಣಿತ ಮಾದರಿಗಳನ್ನು ಸುಟ್ಟು ಮತ್ತೆ ಹೊಂದಿಸಿದರು. ಅಲ್ಲಿಯವರೆಗೆ ಪ್ರತಿ ಹೀಟಿನ (ಒಂದು ಸಲಕ್ಕೆ ಕರಗಿಸಿದ ಲೋಹದ) ನಾಣ್ಯದಾಕಾರದ ಸ್ಯಾಂಪಲ್ ಹೊರಗಿನ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ. ಸ್ಯಾಂಪಲ್ಲಿಗೆ ನೂರಾರು ರೂಪಾಯಿ ದೊಡ್ಡದಲ್ಲ. ವರದಿ ಬರುವವರೆಗೆ ಕರಗಿದ ಲೋಹವನ್ನು ಫರ್ನೇಸಿನಲ್ಲಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಅದು ದೊಡ್ಡದು. ಎಫ್‌ಜಿ 260 ದರ್ಜೆಯ ಬೂದು ಎರಕದ ಕಬ್ಬಿಣವನ್ನು ಚಿಲ್ ಪರೀಕ್ಷೆಯ (ಬೇಗ ತಣಿಸಿದ ತುಂಡಿನ) ಮುರಿದ ಮೈ ನೋಡಿ ಸುರಿಯುವ ಅನುಭವ ನಮ್ಮ ಹಿರಿಯ ಮೆಲ್ಟರ್‌ಗೆ ಇತ್ತು, ಕೆಲಸ ನಡೆಯಿತು. ಮೆಗ್ನೀಸಿಯಂ ಸೇರಿಸಿ ಮಾಡುವ ಎಸ್‌ಜಿ ಐರನ್ ಸುರಿಯುವುದನ್ನು ಪೂರ್ತಿ ನಿಲ್ಲಿಸಬೇಕಾಯಿತು. ಮೆಗ್ನೀಸಿಯಂ ಎಷ್ಟು ಉಳಿದಿದೆ ಎಂದು ಅಳೆಯದೆ ಅದನ್ನು ಕಳಿಸುವ ಧೈರ್ಯ ಯಾರೂ ಮಾಡಬಾರದು.

2019ರ ಮಾರ್ಚಿನಲ್ಲಿ ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋ ಮೇಲೆ ಲಾಕರ್‌ಗೋಗಾ ಎಂಬ ರಾನ್ಸಮ್‌ವೇರ್‌ನ ದಾಳಿಯಾದಾಗಲೂ ಆದದ್ದು ಹೀಗೆಯೇ. 35,000 ನೌಕರರ ಆ ಕಂಪನಿ ಹಣ ಕೊಡಲು ಒಪ್ಪದೆ ಹಲವು ಘಟಕಗಳನ್ನು ಕಾಗದ ಹಿಡಿದು ಕೈಯಿಂದಲೇ ನಡೆಸಿತು. ಲೋಹದ ಕೆಲಸದಲ್ಲಿ ಕಾಗದ ಉಳಿಸಿಕೊಂಡವರು ಬದುಕುತ್ತಾರೆ. ನಮ್ಮಲ್ಲಿ ಉಳಿದದ್ದು ಎರಡು ಪುಸ್ತಕ. ಒಂದು ಫರ್ನೇಸ್ ಪಕ್ಕದ ಹೀಟ್ ರಿಜಿಸ್ಟರ್: ಹೀಟ್ ನಂಬರು, ಪಿಗ್ ಐರನ್, ಸ್ಕ್ರ್ಯಾಪು, ಫೆರೋಸಿಲಿಕಾನ್ ಎಷ್ಟೆಷ್ಟು ಕಿಲೋ, ಟ್ಯಾಪಿಂಗ್ ತಾಪಮಾನ ಎಲ್ಲ ಬಾಲ್‌ಪೆನ್ನಿನಲ್ಲಿ, ಅಂಚಿಗೆ ಗ್ರ್ಯಾಫೈಟ್ ಮಸಿ ಮೆತ್ತಿಕೊಂಡು. ಇನ್ನೊಂದು ಸೆಕ್ಯುರಿಟಿಯವರ ಗೇಟ್ ರಿಜಿಸ್ಟರ್: ಯಾವ ಗಾಡಿ, ಯಾವ ಚಲನ್, ಎಷ್ಟು ಹೊತ್ತಿಗೆ ಒಳಗೆ, ಹೊರಗೆ.

ಬಿಲ್ಲಿಂಗ್ ಶುರು ಮಾಡುವುದು ನಾವು ಹೆದರಿದಷ್ಟು ಕಷ್ಟವಾಗಲಿಲ್ಲ. 50,000 ರೂಪಾಯಿ ಮೀರಿದ ಮಾಲಿಗೆ ಬೇಕಾದ ಸಾಗಣೆಯ ಇ-ವೇ ಬಿಲ್ಲನ್ನು ಯಾವ ಕಂಪ್ಯೂಟರಿನಿಂದಲಾದರೂ ಸರ್ಕಾರಿ ಪೋರ್ಟಲಿನಲ್ಲಿ ನೇರವಾಗಿ ಮಾಡಬಹುದು. ಇ-ಇನ್‌ವಾಯ್ಸ್‌ಗೂ ಪೋರ್ಟಲಿನದ್ದೇ ಉಚಿತ ಟೂಲ್ ಇದೆ. ಎಡವಿದ್ದು ಇನ್‌ವಾಯ್ಸ್ ಸಂಖ್ಯೆಯಲ್ಲಿ. ಕೊನೆಯ ಬಿಲ್ಲಿನ ಸಂಖ್ಯೆ ಯಾರಿಗೂ ಖಚಿತವಿರಲಿಲ್ಲ, ಈಗಾಗಲೇ ಬಳಸಿದ ಸಂಖ್ಯೆ ಕೊಟ್ಟರೆ ಪೋರ್ಟಲ್ ತಿರಸ್ಕರಿಸುತ್ತದೆ. ಇದಕ್ಕೆ ಸುಲಭ ದಾರಿ ಹೊಸ ಸರಣಿ. ಜಿಎಸ್‌ಟಿ ನಿಯಮ 46ರಲ್ಲಿ ಒಂದಕ್ಕಿಂತ ಹೆಚ್ಚು ಸರಣಿಗೆ ಅವಕಾಶವಿದೆ, ಸಂಖ್ಯೆ 16 ಅಕ್ಷರ ಮೀರಬಾರದು ಅಷ್ಟೆ. ಮುಂದೆ ಒಂದು ಅಕ್ಷರ ಸೇರಿಸಿ ಒಂದರಿಂದ ಶುರು ಮಾಡಿ, ಆಡಿಟರ್‌ಗೆ ಅದೇ ದಿನ ಪತ್ರ ಬರೆದು ತಿಳಿಸಿ.

ಹಳೆಯ ಲೆಕ್ಕ ಕಟ್ಟಿದ ಕ್ರಮ ಹೀಗೆ. ಬೀರುವಿನ ಡಿಸ್ಕಿನಲ್ಲಿ ಕೆಲವು ವಾರದ ಹಿಂದಿನ ಟ್ಯಾಲಿ ಬ್ಯಾಕಪ್ ಇತ್ತು. ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹೊಸದಾಗಿ ಕೂರಿಸಿ, ಇಂಟರ್‌ನೆಟ್ ಇಲ್ಲದ ಒಂದು ಲ್ಯಾಪ್‌ಟಾಪಿನಲ್ಲಿ ಮೊದಲು ಡಿಸ್ಕ್ ತೆರೆದು ನೋಡಿ, ಬ್ಯಾಕಪ್ ಪ್ರತಿ ಮಾಡಿಕೊಂಡು ಆಮೇಲೆ ರಿಸ್ಟೋರ್. ನಡುವಿನ ವಾರಗಳ ಮಾರಾಟ ಜಿಎಸ್‌ಟಿಯ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಸಿಕ್ಕಿತು, ಏಕೆಂದರೆ ಇ-ಇನ್‌ವಾಯ್ಸ್ ಆದದ್ದೆಲ್ಲ ಅಲ್ಲಿ ತಾನಾಗಿ ಬಂದು ಕೂತಿರುತ್ತದೆ. ಖರೀದಿಗೆ ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿ. ಹಣಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟು. ಈ ಮೂರರಲ್ಲಿಯೂ ಬಾರದ್ದು ಜಾಬ್‌ವರ್ಕಿಗೆ (ಹೊರಗೆ ಕೆಲಸ ಮಾಡಿಸಲು) ಹೋದ ಮಾಲು, ಮಷಿನಿಂಗ್‌ನಿಂದ ವಾಪಸ್ ಬಂದ ರಿಜೆಕ್ಷನ್, ನಗದಿನ ಚಿಲ್ಲರೆ ಖರ್ಚು. ಅದಕ್ಕೆ ಗೇಟ್ ರಿಜಿಸ್ಟರೇ ಗತಿಯಾಯಿತು, ಸಾಲು ಸಾಲಾಗಿ ಕೂತು ಹೊಂದಿಸಿದೆವು. ಹಾಜರಿ ಕಳೆದುಹೋಯಿತು ಎಂದು ಕಾರ್ಮಿಕರು ಗಾಬರಿಯಾಗಿದ್ದರು. ಬೆರಳಚ್ಚಿನ ಯಂತ್ರ ತನ್ನದೇ ಮೆಮೊರಿಯಲ್ಲಿ ಪಂಚ್‌ಗಳನ್ನು ಇಟ್ಟುಕೊಂಡಿರುತ್ತದೆ, ಪೆನ್‌ಡ್ರೈವಿಗೆ ಇಳಿಸಿಕೊಂಡರೆ ಆಯಿತು. ಪಗಾರ ತಡವಾಗಲಿಲ್ಲ, 15ರೊಳಗಿನ ಪಿಎಫ್, ಇಎಸ್‌ಐ ಕೂಡ ಕಟ್ಟಿದೆವು.

ಇದರ ಜೊತೆಜೊತೆಗೇ ಪಾಸ್‌ವರ್ಡ್ ಬದಲಿಸಬೇಕು. ಬ್ರೌಸರಿನಲ್ಲಿ ಸೇವ್ ಆಗಿದ್ದದ್ದೆಲ್ಲ ಕದ್ದವರ ಕೈಯಲ್ಲಿದೆ ಎಂದೇ ತಿಳಿಯಿರಿ. ಬ್ಯಾಂಕ್, ಇಮೇಲ್, ಜಿಎಸ್‌ಟಿ, ಇ-ವೇ, ಆದಾಯ ತೆರಿಗೆ, ಪಿಎಫ್, ಇಎಸ್‌ಐ, ಗ್ರಾಹಕರ ವೆಂಡರ್ ಪೋರ್ಟಲ್ ಎಲ್ಲವನ್ನೂ ಸೋಂಕು ತಗಲದ ಫೋನಿನಿಂದ ಬದಲಿಸಿ. ಗ್ರಾಹಕರಿಗೆ ಮುಚ್ಚಿಡಬೇಡಿ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಮೇಲ್ ನಮ್ಮ ಹೆಸರಿನಲ್ಲಿ ಬಂದರೆ ನಂಬಬೇಡಿ ಎಂದು ಫೋನ್ ಮಾಡಿಯೇ ಹೇಳಿದೆವು. ಒಬ್ಬರೂ ಆರ್ಡರ್ ಹಿಂಪಡೆಯಲಿಲ್ಲ.

ಹಣ ಕೊಡುವ ಮಾತು ಬಂದೇ ಬರುತ್ತದೆ. ಬೆದರಿಕೆ ಪತ್ರದಲ್ಲಿ ಮೊತ್ತ ಇರುವುದಿಲ್ಲ, ಮೇಲ್ ಮಾಡಿದ ಮೇಲೆ ಹೇಳುತ್ತಾರೆ. ನಾವು ಮೇಲ್ ಮಾಡಲಿಲ್ಲ. ಡೇಟಾ ರಿಕವರಿಯ ಒಂದು ಸಂಸ್ಥೆ ನೂರಕ್ಕೆ ನೂರು ಗ್ಯಾರಂಟಿ ಎಂದು ಲಕ್ಷಗಳಲ್ಲಿ ಮಾತಾಡಿತು, ಹೇಗೆ ಬಿಡಿಸುತ್ತೀರಿ ಎಂದು ಕೇಳಿದರೆ ಉತ್ತರವಿಲ್ಲ. ಆಗ ಕೀ ಇಲ್ಲದೆ ಫೋಬೋಸ್ ಬಿಡಿಸುವ ಮಾರ್ಗವೇ ಇರಲಿಲ್ಲ. ಹಾಗಿರುವಾಗ ಗ್ಯಾರಂಟಿ ಕೊಡುವವರು ಹಿಂದಿನಿಂದ ಸುಲಿಗೆಕೋರರಿಗೇ ಹಣ ಕೊಟ್ಟು ಮೇಲೆ ತಮ್ಮ ಪಾಲು ಸೇರಿಸುವವರಾಗಿರುವ ಸಾಧ್ಯತೆ ಹೆಚ್ಚು. ಕೊಟ್ಟರೂ ಕೆಲಸ ಬೇಗ ಆಗುತ್ತದೆ ಎಂಬ ಭರವಸೆ ಇಲ್ಲ. 2021ರ ಮೇನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ 75 ಬಿಟ್‌ಕಾಯಿನ್, ಅಂದಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಸಿಕ್ಕಿದ ಬಿಡಿಸುವ ಟೂಲ್ ಎಷ್ಟು ನಿಧಾನವಾಗಿತ್ತೆಂದರೆ ಅವರು ತಮ್ಮದೇ ಬ್ಯಾಕಪ್ ಬಳಸಬೇಕಾಯಿತು.

ಉಳಿದದ್ದು ಲಾಕ್ ಆದ ಡಿಸ್ಕುಗಳ ಪ್ರಶ್ನೆ. ಅವುಗಳಲ್ಲಿ ಪ್ಯಾಟರ್ನ್ (ಅಚ್ಚಿನ ಮಾದರಿ) ಡ್ರಾಯಿಂಗುಗಳು, ಹಳೆಯ ಟಿಸಿಗಳು, ಗ್ರಾಹಕರ ಜೊತೆಗಿನ ಪತ್ರವ್ಯವಹಾರ, ಮೆಥಡಿಂಗ್ (ಅಚ್ಚಿಗೆ ಲೋಹ ಹೇಗೆ ಹರಿಸಬೇಕೆಂಬ) ಲೆಕ್ಕಗಳು. ಬೀರುವಿನ ಬ್ಯಾಕಪ್ಪಿನಲ್ಲಿ ಇದ್ದದ್ದು ಟ್ಯಾಲಿ ಮಾತ್ರ. ಫಾರ್ಮ್ಯಾಟ್ ಮಾಡಿ ಅದೇ ಡಿಸ್ಕ್ ಬಳಸಿದ್ದರೆ ಕೆಲವು ಸಾವಿರ ಉಳಿಯುತ್ತಿತ್ತು. ನಾವು ಪ್ರತಿ ಡಿಸ್ಕನ್ನೂ ಬಿಚ್ಚಿ, ಯಾವ ಕಂಪ್ಯೂಟರಿನದ್ದು ಎಂದು ಚೀಟಿ ಅಂಟಿಸಿ, ಬೆದರಿಕೆ ಪತ್ರದ ಪ್ರತಿಯನ್ನೂ ಜೊತೆಗಿಟ್ಟು ಕಟ್ಟಿಟ್ಟೆವು.

ಫೆಬ್ರವರಿಯಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ 8ಬೇಸ್ ಗುಂಪಿನ ನಾಲ್ವರು ರಷ್ಯನ್ನರ ಬಂಧನವಾಯಿತು, ಅವರ 27 ಸರ್ವರುಗಳನ್ನು ಬಂದ್ ಮಾಡಲಾಯಿತು. ಆಗ ಹಣ ಕೊಡುವ ಮಾತು ತಾನಾಗಿ ನಿಂತಿತು. ಜುಲೈನಲ್ಲಿ ಜಪಾನಿನ ರಾಷ್ಟ್ರೀಯ ಪೊಲೀಸ್ ಸಂಸ್ಥೆ ಫೋಬೋಸ್ ಮತ್ತು 8ಬೇಸ್ ಬಿಡಿಸುವ ಟೂಲನ್ನು ಉಚಿತವಾಗಿ ಬಿಟ್ಟಿತು. ಯುರೋಪೋಲ್ ಮತ್ತಿತರರು 2016ರಲ್ಲಿ ಶುರು ಮಾಡಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಅದು ಸಿಗುತ್ತದೆ. ಆ ಸುದ್ದಿ ಬಂದ ದಿನ ಆಫೀಸಿನಲ್ಲಿ ಯಾರೂ ಊಟಕ್ಕೆ ಎದ್ದಿರಲಿಲ್ಲ.

ಟೂಲ್ ಬಳಸುವಾಗ ತಿಳಿದಿರಬೇಕಾದವು ಕೆಲವು. ಡೌನ್‌ಲೋಡ್ ಮಾಡುವಾಗ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನೇ ವೈರಸ್ ಎಂದು ತಡೆಯುತ್ತಿದ್ದವು. ಎಚ್ಚರಿಕೆ ದಾಟಿ ಇಳಿಸಬೇಕು, ಆದರೆ ಆ ಅಧಿಕೃತ ತಾಣದಿಂದ ಮಾತ್ರ. ಇದೇ ಹೆಸರಿನ ನಕಲಿ ಟೂಲ್‌ಗಳ ಗೊಡವೆ ಬೇಡ. ಮೂಲ ಡಿಸ್ಕಿನ ಮೇಲೆ ಓಡಿಸಬೇಡಿ, ಪ್ರತಿಯ ಮೇಲೆ ಓಡಿಸಿ. ಲಾಕ್ ಆದ ಫೋಲ್ಡರನ್ನೂ, ಬಿಡಿಸಿದ್ದನ್ನು ಹಾಕಬೇಕಾದ ಫೋಲ್ಡರನ್ನೂ ಬೇರೆ ಬೇರೆ ತೋರಿಸಬೇಕು, ಹಾಗಾಗಿ ಡೇಟಾ ಇದ್ದಷ್ಟೇ ಖಾಲಿ ಜಾಗ ಇನ್ನೊಂದು ಡಿಸ್ಕಿನಲ್ಲಿ ಇರಬೇಕು. ಕಂಪ್ಯೂಟರಿಗೆ ಇಂಟರ್‌ನೆಟ್ ಬೇಡ. ಮೊದಲು ಒಂದು ಸಣ್ಣ ಫೋಲ್ಡರಿನಿಂದ ಶುರು ಮಾಡಿ. ಫೋಬೋಸ್ 1.5 ಎಂಬಿ ಒಳಗಿನ ಫೈಲನ್ನು ಪೂರ್ತಿ, ಅದಕ್ಕಿಂತ ದೊಡ್ಡದನ್ನು ತುಂಡು ತುಂಡಾಗಿ ಮಾತ್ರ ಲಾಕ್ ಮಾಡುತ್ತದೆ. ಅದಕ್ಕೆ ಬಿಡಿಸಿದ ಮೇಲೆ ಪಿಡಿಎಫ್ ತೆರೆಯಿತು ಎಂದಷ್ಟೇ ನೋಡಿ ಸುಮ್ಮನಾಗಬೇಡಿ, ದೊಡ್ಡ ಡ್ರಾಯಿಂಗುಗಳನ್ನೂ ಡೇಟಾಬೇಸನ್ನೂ ಒಂದೊಂದಾಗಿ ತೆರೆದು ಪರೀಕ್ಷಿಸಿ. ನಮ್ಮಲ್ಲಿ ಡ್ರಾಯಿಂಗುಗಳೆಲ್ಲ ಬಂದವು. ಸ್ಪೆಕ್ಟ್ರೋದ ಹಳೆಯ ಕ್ಯಾಲಿಬ್ರೇಶನ್ ಬಂದಿತು. ಲಾಕ್ ಆಗುತ್ತಿದ್ದಾಗಲೇ ಕಂಪ್ಯೂಟರ್ ಆರಿಹೋದ ಒಂದೆಡೆ ಅರ್ಧ ಬರೆದ ಕೆಲವು ಫೈಲುಗಳು ಬರಲಿಲ್ಲ, ಬರುವುದೂ ಇಲ್ಲ.

ಈಗಿನ ವ್ಯವಸ್ಥೆ: 3389 ಮುಚ್ಚಿದೆ, ಹೊರಗಿನಿಂದ ಬರುವವರು ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮತ್ತು ಫೋನಿನ ಕೋಡ್ ಎರಡನ್ನೂ ದಾಟಬೇಕು. ಸ್ಪೆಕ್ಟ್ರೋ ನೆಟ್‌ವರ್ಕಿನಲ್ಲಿಲ್ಲ, ಅದಕ್ಕೊಂದು ಸ್ವಂತ ಪ್ರಿಂಟರ್ ಇದೆ. ಎರಡು ಯುಎಸ್‌ಬಿ ಡಿಸ್ಕ್ ವಾರ ಬಿಟ್ಟು ವಾರ ಬದಲಾಗುತ್ತವೆ, ಒಂದು ಯಾವಾಗಲೂ ಕಾರ್ಖಾನೆಯ ಹೊರಗೆ ಇರುತ್ತದೆ. ತಿಂಗಳಿಗೊಮ್ಮೆ ಅದರಿಂದ ಟ್ಯಾಲಿಯನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿ ಬ್ಯಾಲೆನ್ಸ್ ತಾಳೆ ನೋಡುತ್ತೇವೆ.

ನಿಮ್ಮಲ್ಲಿ ಯಾರ ಬೀರುವಿನಲ್ಲಾದರೂ ಹೀಗೆ ಲಾಕ್ ಆದ ಹಳೆಯ ಡಿಸ್ಕ್ ಇದ್ದರೆ ಫೈಲಿನ ಹೆಸರಿನ ಕೊನೆ ನೋಡಿ. ಫೋಬೋಸ್, 8ಬೇಸ್, ಎಲ್ಬೀ, ಫೌಸ್ಟ್, ಲಿಜಾರ್ಡ್ ಇವುಗಳಲ್ಲಿ ಒಂದಾಗಿದ್ದರೆ ಈ ಟೂಲ್ ಪ್ರಯತ್ನಿಸಬಹುದು. ಬೇರೆ ಹೆಸರಿದ್ದರೆ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಬೆದರಿಕೆ ಪತ್ರವನ್ನೂ ಲಾಕ್ ಆದ ಒಂದೆರಡು ಫೈಲನ್ನೂ ಹಾಕಿದರೆ ಯಾವ ಕುಟುಂಬದ್ದು, ಬಿಡಿಸುವ ಟೂಲ್ ಇದೆಯೇ ಎಂದು ಹೇಳುತ್ತದೆ. ಇಂದು ಇಲ್ಲವೆಂದರೆ ಕೆಲವು ತಿಂಗಳು ಬಿಟ್ಟು ಮತ್ತೆ ಹಾಕಿ ನೋಡಿ. ಅಲ್ಲಿಗೆ ಹಾಕಲು ಗ್ರಾಹಕರ ಡ್ರಾಯಿಂಗನ್ನೋ ಪಗಾರದ ಪಟ್ಟಿಯನ್ನೋ ಆರಿಸಬೇಡಿ, ಗುಟ್ಟಿಲ್ಲದ ಒಂದು ಸಣ್ಣ ಫೈಲು ಸಾಕು.